ಹಳೆಯ ಕೃತ್ಯ, ಹೊಸ ಆರೋಪ

ಯಾರನ್ನಾದರೂ ಬಂಧಿಸಿದ ಸಂಜೆಯೇ ಸುದ್ದಿವಾಹಿನಿಗಳಲ್ಲಿ ಅವನ ಹಳೇ ಕೇಸುಗಳ ಪಟ್ಟಿ ಬರುತ್ತದೆ. ಜಾಮೀನು ಅರ್ಜಿಯ ತಕರಾರಿನಲ್ಲಿ ಅದೇ ಪಟ್ಟಿ ಕಂಡರೆ ಒಪ್ಪೋಣ. ಈಗೀಗ ಅದು ವಿಚಾರಣೆಯ ಕೊನೆಯ ವಾದದಲ್ಲೂ ತಲೆಹಾಕುತ್ತಿದೆ. ಆಕ್ಷೇಪಿಸಿದರೆ, 'ಅದೇ ಮಾದರಿಯ ಕೃತ್ಯ, ಸ್ವಾಮಿ, ಸಾಕ್ಷ್ಯ ಕಾಯ್ದೆಯೇ ಒಪ್ಪುತ್ತದೆ' ಎಂಬ ಉತ್ತರ ಸಿದ್ಧವಿರುತ್ತದೆ. ಕಾಯ್ದೆ ಒಪ್ಪುವುದು ಅದನ್ನಲ್ಲ.

ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಕಾಯ್ದೆಯ 54ನೇ ಕಲಂ ಮೊದಲಿಗೆ ಆರೋಪಿಯ ಹಿಂದಿನ ಶಿಕ್ಷೆಯನ್ನು ಪ್ರಸ್ತುತವೆಂದೇ ಎಣಿಸಿತ್ತು. 1891ರ ತಿದ್ದುಪಡಿ ಅದನ್ನು ಕೈಬಿಟ್ಟಿತು. 14ನೇ ಕಲಮಿನ ದೃಷ್ಟಾಂತವೊಂದು ಗಡಿಯನ್ನು ಸ್ಪಷ್ಟವಾಗಿ ಎಳೆಯುತ್ತದೆ: ಕೊಲೆಯಾದವನ ಮೇಲೆಯೇ ಆರೋಪಿ ಹಿಂದೆ ಗುಂಡು ಹಾರಿಸಿದ್ದು ಪ್ರಸ್ತುತ, ಕಂಡವರ ಮೇಲೆ ಗುಂಡು ಹಾರಿಸುವ ಚಾಳಿ ಅವನಿಗಿತ್ತೆಂಬುದು ಅಪ್ರಸ್ತುತ. 15ನೇ ಕಲಂ ಕೃತ್ಯ ಆಕಸ್ಮಿಕವೋ ಉದ್ದೇಶಪೂರ್ವಕವೋ ಎಂಬ ಪ್ರಶ್ನೆಗೆ ಮಾತ್ರ. ವಿಮೆ ಮಾಡಿಸಿದ ಮನೆಗಳು ಒಂದರ ಹಿಂದೊಂದು ಸುಟ್ಟುಹೋಗಿ, ಪ್ರತಿ ಸಲವೂ ಒಬ್ಬನೇ ಹಣ ಪಡೆದನೆಂಬುದು ಅದರ ದೃಷ್ಟಾಂತ. 1894ರ ಮೇಕಿನ್ ತೀರ್ಪಿನಲ್ಲಿ ಪ್ರಿವಿ ಕೌನ್ಸಿಲ್ ಸಿಡ್ನಿಯ ಶಿಶುಹತ್ಯೆ ಪ್ರಕರಣದ ಬಗ್ಗೆ ಹೇಳಿದ್ದೂ ಇದನ್ನೇ.

ನಮ್ಮ ತಲೆಮಾರು ಕಲಿತದ್ದು ಎರಡು ತೀರ್ಪುಗಳಿಂದ. ಇಂಗ್ಲೆಂಡಿನ ಬೋರ್ಡ್‌ಮನ್ ತೀರ್ಪು, 1974ರದ್ದು, ಬರಿಯ ಹೋಲಿಕೆ ಸಾಲದು, ಕಣ್ಣಿಗೆ ಹೊಡೆಯುವಂಥ ಹೋಲಿಕೆ ಬೇಕೆಂಬ ಮಾತನ್ನು ಚಾಲ್ತಿಗೆ ತಂದಿತು. ಆಸ್ಟ್ರೇಲಿಯಾದ ಹೈಕೋರ್ಟು 1988ರ ಹೋಕ್ ತೀರ್ಪಿನಲ್ಲಿ ಇನ್ನೂ ಆಳಕ್ಕಿಳಿಯಿತು. ಹಲವು ದೂರುದಾರರು ಒಂದೇ ಬಗೆಯ ಕಥೆ ಹೇಳಿದಾಗ, ಅವರು ಕೂಡಿ ಮಾತಾಡಿಕೊಂಡಿರುವ ಸಾಧ್ಯತೆ ಇದ್ದರೆ ಆ ಹೋಲಿಕೆಗೆ ಬಲವೇ ಇಲ್ಲವಲ್ಲ? ಈ ಪ್ರಶ್ನೆಯನ್ನು ಅದು ನಿಚ್ಚಳವಾಗಿ ಎತ್ತಿತು. ಪಾಟೀಸವಾಲಿನಲ್ಲಿ ನಾವು ಅದನ್ನೇ ಹಿಡಿದು ನಡೆದೆವು. ಆ ದೇಶ ಆಮೇಲೆ ಹಾದಿ ಬದಲಿಸಿತು. 2017ರ ಹ್ಯೂಸ್ ತೀರ್ಪು, ನಾಲ್ವರು ಮೂವರೆಂದು ನ್ಯಾಯಮೂರ್ತಿಗಳು ಒಡೆದರೂ, ಹೋಲಿಕೆಯ ಅಗತ್ಯವನ್ನೇ ಸಡಿಲಿಸಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ತನಿಖೆಗೆ ನೇಮಿಸಿದ್ದ ರಾಯಲ್ ಕಮಿಷನ್ನಿನ ವರದಿಯ ಬಳಿಕ, 2020ರಲ್ಲಿ ನ್ಯೂ ಸೌತ್ ವೇಲ್ಸ್ ಶಾಸನವನ್ನೇ ತಿದ್ದಿತು. ಆ ಮಕ್ಕಳ ನೋವು ನಿಜ, ಬದಲಾವಣೆಗೆ ಕಾರಣವೂ ಇತ್ತು. ಆದರೆ ನಾಲ್ಕು ಮಕ್ಕಳ ಸಾವು ಕಾಕತಾಳೀಯವಾಗಲಾರದೆಂಬ ತರ್ಕವೂ ಸೇರಿ 2003ರಲ್ಲಿ ಅದೇ ರಾಜ್ಯದಲ್ಲಿ ಶಿಕ್ಷೆಗೊಳಗಾದ ಕ್ಯಾಥ್ಲೀನ್ ಫೋಲ್ಬಿಗ್ ಇಪ್ಪತ್ತು ವರ್ಷ ಜೈಲಿನಲ್ಲಿದ್ದರು. ಸಹಜ ಸಾವಿನ ಸಾಧ್ಯತೆಯನ್ನು ವಂಶವಾಹಿ ಸಂಶೋಧನೆ ತೋರಿಸಿಕೊಟ್ಟ ಮೇಲೆ, 2023ರಲ್ಲಿ, ಆ ತೀರ್ಪು ರದ್ದಾಯಿತು.

ಈ ತರ್ಕಕ್ಕೆ ನಿಜವಾದ ಬಲವಿರುವ ಪ್ರಕರಣಗಳೂ ಇವೆ. ಬಸ್ ನಿಲ್ದಾಣದ ಶೌಚಾಲಯದಲ್ಲಿ ಸತ್ತ ಒಬ್ಬ ಯುವತಿಯದು ಯುಡಿಆರ್ (ಅಸಹಜ ಸಾವಿನ ವರದಿ) ಆಗಿ ಮುಗಿದುಹೋಗಬಹುದು. ಊರೂರಲ್ಲಿ ಅದೇ ರೀತಿ, ಅದೇ ಸಯನೈಡ್, ಪ್ರತಿ ಸಲವೂ ಮದುವೆಯ ಆಸೆ ತೋರಿಸಿ ಕರೆದೊಯ್ದವನು ಅದೇ ಗಂಡಸು ಎಂದಾಗ ಆತ್ಮಹತ್ಯೆಯ ವಿವರಣೆ ನಿಲ್ಲುವುದಿಲ್ಲ. ಇದೇ ಆರೋಪದ ಮೇಲೆ 2009ರಲ್ಲಿ ಸಿಕ್ಕಿಬಿದ್ದ ಮೋಹನ್ ಕುಮಾರನ ಮೇಲಿನ ಇಪ್ಪತ್ತು ಕೊಲೆ ಪ್ರಕರಣಗಳು ಮಂಗಳೂರಿನಲ್ಲಿ ಒಂದೊಂದಾಗಿ ವಿಚಾರಣೆಗೊಂಡು, ಕೊನೆಯ ತೀರ್ಪು 2020ರಲ್ಲಿ ಬಂತು. ನಮ್ಮ ಕಾನೂನು ಕಾಲೇಜುಗಳು ಮೇಕಿನ್‌ಗಿಂತ ಮೊದಲು ಓದಿಸಬೇಕಾದದ್ದು ಈ ಕಡತಗಳನ್ನು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 14, 15, 54ನೇ ಕಲಮುಗಳು 12, 13, 49 ಆಗಿವೆ. ತಿರುಳು ಹಳೆಯದೇ. ಇದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆ, ಹನ್ನೆರಡು ತಿಂಗಳೊಳಗಿನ ಒಂದೇ ಬಗೆಯ ಅಪರಾಧಗಳನ್ನು ಕೂಡಿಸಿ ವಿಚಾರಣೆ ಮಾಡುವ ಮಿತಿಯನ್ನು ಮೂರರಿಂದ ಐದಕ್ಕೇರಿಸಿತು. ಸಾಕ್ಷ್ಯದ ಬಲವನ್ನೂ ಅದು ಹುಟ್ಟಿಸುವ ಪೂರ್ವಗ್ರಹವನ್ನೂ ಪಕ್ಕಪಕ್ಕ ಇಟ್ಟು ತೂಗಬೇಕೆಂಬ ನಿಯಮ ಮಾತ್ರ ಸೇರಲಿಲ್ಲ. ಜ್ಯೂರಿ ಇಲ್ಲದ ಮೇಲೆ ಅದೇಕೆ ಎನ್ನುವವರುಂಟು. ಆದರೆ ನ್ಯಾಯಾಧೀಶರಿಗೂ ಪೂರ್ವಗ್ರಹದ ಅಪಾಯವಿದೆಯೆಂದು ಕಾನೂನೇ ಎಣಿಸಿದೆ: ಅದೇ ಸಂಹಿತೆಯ 259ನೇ ಕಲಮಿನ ಪ್ರಕಾರ, ಈಗಿನ ಅಪರಾಧ ಸಾಬೀತಾಗುವವರೆಗೆ ಆರೋಪಿಯ ಹಿಂದಿನ ಶಿಕ್ಷೆಯ ಆರೋಪವನ್ನು ಸೆಷನ್ಸ್ ನ್ಯಾಯಾಧೀಶರು ಓದಿ ಹೇಳುವಂತಿಲ್ಲ, ಪ್ರಾಸಿಕ್ಯೂಷನ್ ಅದನ್ನು ಪ್ರಸ್ತಾಪಿಸುವಂತೆಯೂ ಇಲ್ಲ. ಸಾಬೀತಾದ ಅಪರಾಧಕ್ಕೇ ಇಷ್ಟು ತಡೆ ಇರುವಾಗ, ಸಾಬೀತೇ ಆಗದ ಹಳೇ ಆರೋಪ 13ನೇ ಕಲಮಿನ ಹೆಸರಲ್ಲಿ ಒಳಬರುವ ಮೊದಲು ಲಿಖಿತ ಅರ್ಜಿ ಬೇಕು. ಯಾವ ಅಂಶದ ರುಜುವಾತಿಗೆ ಅದು ಬೇಕೆಂದು ಅರ್ಜಿ ಹೇಳಬೇಕು, ಆರೋಪಿಯ ಪರ ವಾದ ಕೇಳಿ ನ್ಯಾಯಾಧೀಶರು ಕಾರಣಸಹಿತ ಆದೇಶ ಮಾಡಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿಗೆ ಕಾಯಬೇಕಿಲ್ಲ. ಹೈಕೋರ್ಟಿನ ಕ್ರಿಮಿನಲ್ ಪದ್ಧತಿ ನಿಯಮಗಳಲ್ಲೇ ಸೇರಿಸಬಹುದು.