ಮೂಸೆಯಿಂದ ಗಣಕಕ್ಕೆ

ಇಲವಾಲದ ಕಡೆ ಕುಲುಮೆಯ ಮುಂದೆ ಒಂದು ಗಳಿಗೆ ನಿಂತು ನೋಡಿದವರಿಗೆ ಈ ನೋಟ ಹೊಸದಲ್ಲ. ಕೆಂಪಗೆ ಕಾದ ಕುಡುಗೋಲನ್ನು ಅಡಿಗಲ್ಲಿನ ಮೇಲಿಟ್ಟು ಬಡಿದರೆ ಅದರ ಮೈಯಿಂದ ಕಪ್ಪು ಹಕ್ಕಳೆ ಉದುರುತ್ತದೆ. ಅದು ಹೊರಗಿನ ಕೊಳೆಯಲ್ಲ. ಕಾದ ಕಬ್ಬಿಣವೇ ಗಾಳಿಯ ಆಮ್ಲಜನಕದೊಡನೆ ಕೂಡಿ ಆದ ಭಸ್ಮ. ಬೆಂಕಿ ಉರಿಯಲು ಗಾಳಿ ಬೇಕು. ಕಾದ ಲೋಹಕ್ಕೆ ಅದೇ ಗಾಳಿ ವೈರಿ. ಲೋಹದ ಕೆಲಸದಲ್ಲಿ ಇದು ಪುರಾತನವಾದ ಇಕ್ಕಟ್ಟು.

ಈ ಇಕ್ಕಟ್ಟಿಗೆ ಮೈಸೂರು ಸೀಮೆಯ ಉಕ್ಕಿನ ಕೆಲಸಗಾರರು ಪರಿಹಾರ ಕಂಡುಕೊಂಡಿದ್ದರು. 1800-01ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿಯ ಸೀಮೆಯಲ್ಲಿ ಅದನ್ನು ವಿಚಾರಿಸಿ ಬರೆದಿಟ್ಟ. ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಡ್ಡಿ, ಎರಡು ಹಸಿರೆಲೆ. ಮೇಲೆ ಮಣ್ಣಿನ ಮುಚ್ಚಳವಿಟ್ಟು ಸಂದನ್ನು ಮೆತ್ತಿಬಿಡುವುದು. ಹೊರಗೆ ತಿದಿಯೊತ್ತಿ ಉರಿ ಎಬ್ಬಿಸಿದರೂ ಒಳಗೆ ಗಾಳಿಗೆ ದಾರಿಯಿಲ್ಲ. ಕಡ್ಡಿಯ ಇಂಗಾಲ ಕಬ್ಬಿಣವನ್ನು ಹೊಕ್ಕು ಉಕ್ಕಾಗುತ್ತಿತ್ತು. ಇಂಥ ಉಕ್ಕನ್ನೇ 1795ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ ಪರೀಕ್ಷಿಸಿ ‘ವೂಟ್ಜ್’ ಎಂಬ ಹೆಸರಿನಲ್ಲಿ ವಿವರಿಸಿದ. ನಮ್ಮ ‘ಉಕ್ಕು’ ಶಬ್ದವೇ ಹಾಗೆ ರೂಪ ಕೆಟ್ಟಿತೆಂದು ಅನೇಕ ವಿದ್ವಾಂಸರ ಮತ.

ಮುಚ್ಚಿದ ಮೂಸೆಯಲ್ಲಿ ಉಕ್ಕು ಮಾಡಬಹುದು, ನಿಜ. ಆದರೆ ಜೆಟ್ ಎಂಜಿನ್ನಿನ ಅಲಗುಗಳು ಬಿಸಿಗಾಳಿಯಲ್ಲೇ ತಿರುಗಬೇಕು, ಅವಕ್ಕೆ ಮುಚ್ಚಳವೆಲ್ಲಿ? ಬೆಂಗಳೂರಿನಲ್ಲಿ ರೂಪುಗೊಂಡ, ನಮ್ಮ ನದಿಯ ಹೆಸರನ್ನೇ ಹೊತ್ತ ‘ಕಾವೇರಿ’ ಎಂಜಿನ್ನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಇಂಥ ಅಲಗಿನ ಮಿಶ್ರಲೋಹದಲ್ಲಿ ನಿಕ್ಕಲಿನ ಜೊತೆಗೆ ಕ್ರೋಮಿಯಂ, ಅಲ್ಯೂಮಿನಿಯಂ ಸೇರಿಸುತ್ತಾರೆ. ಇವು ಸಾಕಷ್ಟಿದ್ದರೆ ಅವುಗಳ ಭಸ್ಮವೇ ಮೈಮೇಲೆ ತೆಳ್ಳನೆಯ, ಬಿಗಿಯಾದ ಪೊರೆಯಾಗಿ ಕಾಯುತ್ತದೆ. ಸಾಲದಿದ್ದರೆ ಆಮ್ಲಜನಕ ಲೋಹದೊಳಕ್ಕೇ ನುಸುಳಿ, ಹುಳು ಹೊಕ್ಕ ಮರದಂತೆ, ಅಲ್ಲಲ್ಲಿ ಭಸ್ಮದ ಕಣಗಳನ್ನು ಹುಟ್ಟಿಸುತ್ತದೆ.

ಜರ್ಮನಿಯ ಕಾರ್ಲ್ ವಾಗ್ನರ್ 1933ರಲ್ಲಿ ಹೊರಗಿನ ಪೊರೆ ಬೆಳೆಯುವ ಬಗೆಯನ್ನು ವಿವರಿಸಿದ: ಪೊರೆ ಇಮ್ಮಡಿ ದಪ್ಪವಾಗಲು ನಾಲ್ಮಡಿ ಕಾಲ ಬೇಕು. 1959ರಲ್ಲಿ ಒಳಗಿನ ಭಸ್ಮಕ್ಕೂ ಗಣಿತ ಕಟ್ಟಿದ. ಆದರೆ ಲೋಹಗಳು ನಾಲ್ಕೈದು ಬೆರೆತಾಗ, ಕಾವು ಏರಿಳಿದಾಗ ಕಾಗದದ ಲೆಕ್ಕ ಸಾಲದು. ಆಗ ಗಣಕಯಂತ್ರ ನೆರವಿಗೆ ಬರುತ್ತದೆ. ಲೋಹವನ್ನು ಮನಸ್ಸಿನಲ್ಲೇ ನೂರಾರು ತೆಳುಪದರಗಳಾಗಿ ಸೀಳಿ, ಕ್ಷಣಕ್ಷಣಕ್ಕೂ ಒಂದು ಪದರದಿಂದ ಮತ್ತೊಂದಕ್ಕೆ ಆಮ್ಲಜನಕ ಎಷ್ಟು ಸರಿಯಿತು, ಅಲ್ಯೂಮಿನಿಯಂ ಎಷ್ಟು ಉಳಿಯಿತು ಎಂದು ಎಣಿಸುತ್ತಾ ಹೋದರೆ, ವರ್ಷಗಳ ಸವೆತ ಮುಂಚಿತವಾಗಿಯೇ ತಿಳಿದೀತು.

ಹಾಗೆಂದು ಗಣಕ ಸರ್ವಜ್ಞನಲ್ಲ. ಯಾರೋ ಕುಲುಮೆಯ ಮುಂದೆ ನಿಂತು ಅಳೆದು ಬರೆದ ಅಂಕಿಗಳಿಲ್ಲದೆ ಅದು ಮೂಕ. ನಮ್ಮ ಉಕ್ಕಿನವರ ಕೈಯಲ್ಲಿ ಅಳತೆಯಿತ್ತು, ಬರಹವಿರಲಿಲ್ಲ. ಪರದೇಶದವನೊಬ್ಬ ಕಡ್ಡಿಯ ತೂಕವನ್ನೂ ಎಲೆಯ ಲೆಕ್ಕವನ್ನೂ ಗುರುತು ಹಾಕಿಕೊಂಡದ್ದರಿಂದ ಅಷ್ಟಾದರೂ ಉಳಿಯಿತು. ಕಸುಬು ನಿಂತುಹೋಯಿತು, ಮಾಡಿದವರ ಹೆಸರು ಅಳಿಯಿತು. ನಮ್ಮ ಊರಿನ ಕಮ್ಮಾರರನ್ನು, ಕುಂಬಾರರನ್ನು ನಮ್ಮ ಮಕ್ಕಳು ಇಂದೇ ಕೇಳಿ ಬರೆದಿಟ್ಟುಕೊಂಡರೆ, ಆ ನಷ್ಟ ಎರಡನೆಯ ಸಲ ಆಗಲಾರದು.