ಚಟ್ಟ, ತಮಟೆ, ಹೆದ್ದಾರಿ

ಕೆಣಕುವ ಪ್ರದರ್ಶನ ಕಲೆಯ ಚರಿತ್ರೆ ಬರೆಯುವವರು 1913ರಲ್ಲಿ ಗದ್ದಲವನ್ನೂ ಸಂಗೀತವೆಂದು ಸಾರಿದ ಇಟಲಿಯ ಲುಯಿಜಿ ರುಸೊಲೊನಿಂದ ಹೊರಟು, 1976ರ ಅಕ್ಟೋಬರಿನಲ್ಲಿ ಲಂಡನ್ನಿನ ಐಸಿಎ ಗ್ಯಾಲರಿಯಲ್ಲಿ ಕೂಮ್ ಟ್ರಾನ್ಸ್‌ಮಿಷನ್ಸ್ ತಂಡ ಎಬ್ಬಿಸಿದ ರಂಪಕ್ಕೆ ಬರುತ್ತಾರೆ. ಥ್ರಾಬಿಂಗ್ ಗ್ರಿಸಲ್ ಎಂಬ ಕರ್ಕಶ ವಾದ್ಯತಂಡ ಹುಟ್ಟಿದ್ದು ಆ ಬಳಗದಿಂದಲೇ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕಡೆಯಿಂದ ನೋಡಿದರೆ ಇನ್ನೊಂದು ಚರಿತ್ರೆ ಕಾಣುತ್ತದೆ. ಅದು ನಡೆದದ್ದು ಹೆದ್ದಾರಿಯ ಮೇಲೆ.

ಕ್ಯಾತನಹಳ್ಳಿ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು. 1980ರ ನರಗುಂದ–ನವಲಗುಂದ ಗೋಲಿಬಾರಿನ ಬೆನ್ನಿಗೆ ಹುಟ್ಟಿದ ರೈತ ಸಂಘಕ್ಕೆ ಮಂಡ್ಯ ಸೀಮೆಯಲ್ಲಿ ಕಬ್ಬು ಮತ್ತು ಕಾವೇರಿ ಬಲ ಕೊಟ್ಟವು. 1994ರಲ್ಲಿ ಪುಟ್ಟಣ್ಣಯ್ಯ ಪಾಂಡವಪುರದಿಂದ ವಿಧಾನಸಭೆಗೂ ಹೋದರು. ಇದೇ ಸಂಘದ ಎಂ.ಡಿ. ನಂಜುಂಡಸ್ವಾಮಿಯವರು ಗುಂಪಾಗಿ ನಗುವುದನ್ನೇ ಚಳವಳಿ ಮಾಡಿದರು. 1999ರಲ್ಲಿ ಯೂರೋಪಿಗೆ ಹೋದ ರೈತರ ತಂಡ ಕಲೋನಿನ ಜಿ–8 ಶೃಂಗಸಭೆಗೂ ಆ ನಗುವನ್ನು ಒಯ್ದಿತು.

ನನಗೆ ಹೆಚ್ಚು ಮುಖ್ಯವಾದದ್ದು ಹೆದ್ದಾರಿಯ ಧರಣಿಗಳಲ್ಲಿ ರೈತರು ಮಂತ್ರಿಗಳಿಗೆ ಮಾಡುವ ಅಣಕು ಶವಯಾತ್ರೆ. ಬಿದಿರ ಚಟ್ಟ, ಹುಲ್ಲು ತುಂಬಿದ ಪ್ರತಿಕೃತಿ, ಮುಂದೆ ಬೆಂಕಿಯ ಮಡಕೆ. ತಮಟೆಯವರು ರಸ್ತೆ ಬದಿಯಲ್ಲಿ ಒಣಹುಲ್ಲು ಉರಿಸಿ ಚರ್ಮ ಕಾಯಿಸುತ್ತಾರೆ. ಚರ್ಮ ಬಿಗಿದಂತೆ ಸದ್ದು ಹರಿತವಾಗುತ್ತದೆ. ಒಂದು ಕೈಯ ದಪ್ಪ ಕೋಲಿಗೂ ಇನ್ನೊಂದು ಕೈಯ ತೆಳು ಕಡ್ಡಿಗೂ ಸಾವಿನ ಬಡಿತ ಏಳುತ್ತದೆ. ಬದುಕಿರುವವರಿಗೆ ಹೆಣದ ಶಾಸ್ತ್ರ ಮಾಡುವುದು ನಮ್ಮ ಸೀಮೆಯಲ್ಲಿ ಬೈಗುಳಕ್ಕಿಂತ ಘೋರ. ಕೆಣಕುವ ಶಕ್ತಿಯೆಲ್ಲ ಅಲ್ಲಿದೆ.

ಆದರೆ ತಮಟೆಯ ಮಾತು ಅಷ್ಟಕ್ಕೆ ಮುಗಿಯುವುದಿಲ್ಲ. ಸಾವಿಗೂ ಊರಿಗೆ ಸುದ್ದಿ ಸಾರುವುದಕ್ಕೂ ತಮಟೆ ಬಡಿಯುವುದು ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂಬ ಮಾತಿನಿಂದ ಎದ್ದ 1973ರ ಬೂಸಾ ಚಳವಳಿ, 1975ರಲ್ಲಿ ಬಂದ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, ಆಮೇಲೆ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳು: ಈ ದಾರಿಯಲ್ಲಿ ಅದೇ ವಾದ್ಯ ಹೋರಾಟದ ದನಿಯಾಯಿತು. ಸಾವಿಗೆ ಇನ್ನು ಬಡಿಯುವುದಿಲ್ಲ ಎಂದು ನಿಂತ ಯುವಕರೂ ಇದ್ದರು. ಹಾಗಿರುವಾಗ ಅಣಕು ಶವಯಾತ್ರೆಯಲ್ಲಿ ತಮಟೆ ಯಾರ ಕೈಯಲ್ಲಿದೆ, ಚಟ್ಟ ಯಾರ ಹೆಗಲ ಮೇಲಿದೆ ಎಂದು ಕೇಳದೆ ಅದನ್ನು ಕೊಂಡಾಡುವುದು ಸರಿಯಲ್ಲ. ಮಂತ್ರಿಯನ್ನು ಅಣಕಿಸುವ ಮೆರವಣಿಗೆಯೊಳಗೇ ಜಾತಿಯ ಹಳೆಯ ಕೆಲಸ ಹಂಚಿಕೆ ಕದಲದೆ ಉಳಿದಿರಬಹುದು.

ಪತ್ರಿಕೆಯ ಚಿತ್ರಗಳ ಅಡಿಬರಹದಲ್ಲಿ ಮುಖಂಡರ ಹೆಸರಿರುತ್ತದೆ. ತಮಟೆಯವರದು ಸಿಗುವುದು ಅಪರೂಪ. ಸಾವಿನ, ಜಾತ್ರೆಯ, ಧರಣಿಯ ಬಡಿತಗಳನ್ನು ಬಿಡಿಬಿಡಿಯಾಗಿ ಬಲ್ಲ ಹಿರಿಯರು ಇರುವಾಗಲೇ, ಅವರ ಬಡಿತದ ಜೊತೆಗೆ ಧರಣಿಗೆ ಯಾರು ಕರೆದರು, ಏನು ಕೊಟ್ಟರು, ಎಲ್ಲಿ ಕೂರಿಸಿದರು ಎಂಬುದನ್ನೂ ಅವರ ಬಾಯಿಂದಲೇ ಕೇಳಿ ದಾಖಲಿಸಬೇಕು.