ಪಾವಗಡದ ಸೌರ ಪಾರ್ಕು: ಬಾಡಿಗೆ ಬಂತು, ಕೆಲಸ ಎಷ್ಟು ಬಂತು?

ಕಲ್ಯಾಣದುರ್ಗದವರಿಗಾಗಲಿ ಹಿಂದೂಪುರದವರಿಗಾಗಲಿ ಪಾವಗಡ ಹೊರರಾಜ್ಯದ ಊರು ಎನಿಸುವುದಿಲ್ಲ. ತುಮಕೂರು ಜಿಲ್ಲೆಯ ಈ ತಾಲ್ಲೂಕಿನ ಮೂರು ಕಡೆ ಆಂಧ್ರವೇ ಇದೆ. ನೆಂಟಸ್ತಿಕೆ, ಸಂತೆ, ಕಡಲೆಕಾಯಿ ಬೆಳೆ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತುವುದು, ಎಲ್ಲವೂ ಗಡಿಯ ಎರಡೂ ಬದಿ ಒಂದೇ. ಹಾಗಾಗಿ ಅಲ್ಲಿ ಸರ್ಕಾರ ಮುಂದೆ ನಿಂತು ಕಟ್ಟಿಸಿದ ಸೌರ ಪಾರ್ಕಿನಿಂದ ಯಾರಿಗೆ ಏನು ಸಿಕ್ಕಿತು ಎಂಬುದು ನಮ್ಮ ಕಡೆಯವರೂ ತಿಳಿದಿರಬೇಕಾದ ವಿಷಯ.

ಕೇಂದ್ರ ಸರ್ಕಾರ 2014ರ ಡಿಸೆಂಬರಿನಲ್ಲಿ ಸೌರ ಪಾರ್ಕು ಯೋಜನೆ ಆರಂಭಿಸಿತು. ಪಾರ್ಕಿಗೆ ಮೆಗಾವ್ಯಾಟಿಗೆ 20 ಲಕ್ಷ ರೂಪಾಯಿ ಅಥವಾ ವೆಚ್ಚದ ಶೇ. 30, ಯಾವುದು ಕಡಿಮೆಯೋ ಅಷ್ಟು ನೆರವು. ರಸ್ತೆ, ಉಪಕೇಂದ್ರ, ವಿದ್ಯುತ್ ಮಾರ್ಗ ಇವನ್ನು ಸರ್ಕಾರದ ಸಂಸ್ಥೆ ಸಿದ್ಧಮಾಡುತ್ತದೆ. ಹರಾಜಿನಲ್ಲಿ ಗೆದ್ದ ಕಂಪನಿಗಳು ಬಂದು ಫಲಕ ಹಾಕುತ್ತವೆ. ಪಾವಗಡದಲ್ಲಿ ಈ ಕೆಲಸಕ್ಕೆಂದು ಕೇಂದ್ರ ಮತ್ತು ಕರ್ನಾಟಕದ ಸಂಸ್ಥೆಗಳು ಸೇರಿ 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದವು. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಪಾರ್ಕು ಹರಡಿದೆ. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೊದಲ ಹಂತವನ್ನು ಉದ್ಘಾಟಿಸಿದರು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ಣವಾಯಿತು.

ಇಲ್ಲಿ ಮೆಚ್ಚಬೇಕಾದದ್ದು ಜಮೀನಿನ ಏರ್ಪಾಡು. ಭೂಮಿಯನ್ನು ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಐದು ಎಕರೆಯಿದ್ದವರಿಗೆ ಮೊದಲ ವರ್ಷವೇ 1,05,000 ರೂಪಾಯಿ. ಬೋರ್‌ವೆಲ್ ಬತ್ತಿ ಬೀಜದ ಸಾಲವೂ ತೀರದ ಹೊಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಲೆಕ್ಕ ಮುಂದುವರಿಸಿದರೆ ಕೊನೆಯ ಎರಡು ವರ್ಷಕ್ಕೆ ಬಾಡಿಗೆ ಎಕರೆಗೆ ಸುಮಾರು 39,600 ರೂಪಾಯಿಗೆ ನಿಲ್ಲುತ್ತದೆ. ಸರಾಸರಿ ವರ್ಷಕ್ಕೆ ಶೇ. 2.5 ಏರಿಕೆ. ಅಂಗಡಿಯ ಬೆಲೆಗಳು ಅದಕ್ಕಿಂತ ಜೋರಾಗಿ ಏರುತ್ತವೆ ಎಂಬುದನ್ನು ನಾವು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಬಾಡಿಗೆ ಬಂದದ್ದು ಜಮೀನಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತ, ಕಡಲೆಕಾಯಿ ಬಿಡಿಸುತ್ತ ಬದುಕಿದ್ದ ಕೂಲಿಯವರಿಗೆ ಹೊಲವೇ ಇಲ್ಲವಾಯಿತು. ಕುರಿ ಮೇಕೆ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ಕಟ್ಟುವಾಗ ಕಂಬ ನೆಡಲು, ಕೇಬಲ್ ಎಳೆಯಲು ಸಾಕಷ್ಟು ಕೈಗಳು ಬೇಕು. ಕಟ್ಟಿ ಮುಗಿದ ಮೇಲೆ ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು, ಒಂದಿಷ್ಟು ತಾಂತ್ರಿಕ ಕೆಲಸ, ಇಷ್ಟೇ ಉಳಿಯುತ್ತದೆ. ಅದು ಯಾರದೇ ಮೋಸವಲ್ಲ, ಸೌರ ಸ್ಥಾವರದ ಸ್ವಭಾವವೇ ಹಾಗೆ. ಉರಿಸಲು ಕಲ್ಲಿದ್ದಲೂ ಇಲ್ಲ, ತಿರುಗುವ ಯಂತ್ರವೂ ಇಲ್ಲ.

ಸಿಇಇಡಬ್ಲ್ಯು ಮತ್ತು ಎನ್‌ಆರ್‌ಡಿಸಿ ಎಂಬ ಸಂಸ್ಥೆಗಳು ಮಾಡಿದ ಲೆಕ್ಕ ಇದನ್ನೇ ಹೇಳುತ್ತದೆ. ಒಬ್ಬರಿಗೆ ಒಂದು ವರ್ಷ ಸಿಗುವ ಕೆಲಸವನ್ನು ಒಂದು ಎಂದು ಎಣಿಸಿದರೆ, ನೆಲದ ಮೇಲಿನ ಸ್ಥಾವರದಲ್ಲಿ ಒಂದು ಮೆಗಾವ್ಯಾಟಿಗೆ ಸುಮಾರು ಮೂರೂವರೆ. ಮನೆಗಳ ಮಾಳಿಗೆಯ ಮೇಲೆ ಹಾಕುವ ಸೌರದಲ್ಲಿ ಸುಮಾರು 25. ಪಾರ್ಕಿಗೆ ಒಂದೇ ಗುತ್ತಿಗೆ, ಒಂದೇ ನಕ್ಷೆ ಸಾಕು. ಮಾಳಿಗೆಗಾದರೆ ಪ್ರತಿ ಮನೆಗೂ ಹೋಗಿ ಅಳೆಯಬೇಕು, ಬ್ಯಾಂಕಿನ ಕಾಗದ ಮಾಡಿಸಬೇಕು, ವೈರಿಂಗ್ ಮಾಡಬೇಕು, ಮೀಟರ್ ಬದಲಿಸಬೇಕು. ಊರಿನ ಎಲೆಕ್ಟ್ರೀಷಿಯನ್‌ಗೆ ಊರಲ್ಲೇ ಕೆಲಸ.

ನಮ್ಮ ಜಿಲ್ಲೆಗಳಿಗೂ ಇದು ಹೊಸದಲ್ಲ. ರಾಮಗಿರಿಯ ಗುಡ್ಡಗಳಲ್ಲಿ 1990ರ ದಶಕದಲ್ಲೇ ಗಾಳಿಯಂತ್ರಗಳು ನಿಂತವು. ಕದಿರಿ ಕಡೆಯ ನಂಬುಲಪೂಲಕುಂಟೆಯಲ್ಲಿ ಎನ್‌ಟಿಪಿಸಿಯ 250 ಮೆಗಾವ್ಯಾಟ್ 2016ರಲ್ಲಿ ಚಾಲೂ ಆಯಿತು. ಅಲ್ಲಿ ಪಟ್ಟಾ ಇಲ್ಲದೆ ಬಹುಕಾಲ ಉಳುತ್ತಿದ್ದವರ ಪರಿಹಾರದ ತಕರಾರು ದೊಡ್ಡದಾಗಿತ್ತು. ಈಗ ಆಂಧ್ರ ಸರ್ಕಾರದ 2024ರ ಸಮಗ್ರ ಶುದ್ಧ ಇಂಧನ ನೀತಿ 10 ಲಕ್ಷ ಕೋಟಿ ರೂಪಾಯಿ ಹೂಡಿಕೆ ಮತ್ತು ಏಳೂವರೆ ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ಇಂಥ ಅಂಕಿ ಕಂಡಾಗ ನಾವು ಕೇಳಬೇಕಾದದ್ದು, ಇದರಲ್ಲಿ ಕಟ್ಟುವ ಕಾಲದ ಕೆಲಸ ಎಷ್ಟು, ಆಮೇಲೆ ಉಳಿಯುವುದು ಎಷ್ಟು, ಅದರಲ್ಲಿ ಸ್ಥಳೀಯರಿಗೆ ಎಷ್ಟು ಎಂದು.

ಸಣ್ಣ ಯೋಜನೆಗಳಲ್ಲಿ ನಮ್ಮವರ ಕೈಗೆ ಸಿಗುವುದು ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಮಾಳಿಗೆಗೆ 1 ಕಿಲೋವ್ಯಾಟ್ ಹಾಕಿಸಿದರೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಎಂದು ನಿಗದಿಯಾಯಿತು. 2019ರ ಪಿಎಂ ಕುಸುಮ್ ಯೋಜನೆಯಲ್ಲಿ ರೈತರು, ರೈತರ ಸಂಘಗಳು, ಪಂಚಾಯಿತಿಗಳು ಬೀಳು ಭೂಮಿಯಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗೆ ಸ್ಥಾವರ ಹಾಕಿ ವಿದ್ಯುತ್ತನ್ನು ವಿತರಣಾ ಕಂಪನಿಗೆ ಮಾರಲು ಅವಕಾಶ ಮಾಡಲಾಯಿತು. ಅಲ್ಲಿ ರೈತ ಬರೀ ಬಾಡಿಗೆಯವನಲ್ಲ, ಮಾಲೀಕ. ಐಟಿಐ ಮುಗಿಸಿದ ಹುಡುಗ ಹುಡುಗಿಯರಿಗೆ 2015ರಲ್ಲಿ ಶುರುವಾದ ಸೂರ್ಯಮಿತ್ರ ತರಬೇತಿ ಸುಮಾರು ಮೂರು ತಿಂಗಳದ್ದು. ಅರ್ಜಿ ಹಾಕುವ ಮೊದಲು ಈ ಯೋಜನೆಗಳ ಈಗಿನ ನಿಯಮಗಳನ್ನು ವಿದ್ಯುತ್ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಕಂಪನಿಯವರು ಹೊಲ ಕೇಳಿಕೊಂಡು ಬಂದರೆ ಕಾಗದ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರ ಸಹಿ ಅಥವಾ ಹೆಬ್ಬೆಟ್ಟಿಗೆ ಮೊದಲು ಪೂರ್ತಿ ಓದಿಸಿ ಅರ್ಥ ಹೇಳಿಸಿ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕಂಪನಿ ಕೈಬದಲಾದರೆ ಕೊಡುವವರು ಯಾರು, ಪಕ್ಕದ ಬೋರ್‌ವೆಲ್‌ಗೆ ದಾರಿ ಉಳಿಯುತ್ತದೆಯೇ, ಅವಧಿ ಮುಗಿದ ಮೇಲೆ ಫಲಕ ಮತ್ತು ಕಾಂಕ್ರೀಟು ಕಿತ್ತು ಹೊಲ ಬಿಟ್ಟುಕೊಡುವ ಖರ್ಚು ಯಾರದು, ಇಷ್ಟು ಬರಹದಲ್ಲಿ ಇರಲೇಬೇಕು. ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಒಂದು ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.